ಹಾಲು ಬಿಡಿಸಿದ ಹಂದಿ ಮರಿ, ಆಂಟಿಬಯೋಟಿಕ್ ಪುಡಿ ಮತ್ತು ಆ ಎರಡು ವಾರ

(ಮಂಡ್ಯ ಸುತ್ತಮುತ್ತ ಹಂದಿ ಸಾಕೋ ರೈತರು ಸೇರಿದ್ದ ಕಡೆ ಮಾತಾಡಿದ್ದು ಇದು. ಬಂದಿದ್ದೋರಲ್ಲಿ ಕೆಲವರು ಬರವಣಿಗೇಲಿ ಕೊಡಿ ಸಾರ್, ಮನೇಲಿ ಕೂತು ಓದ್ಕೋತೀವಿ ಅಂದ್ರು. ಅವತ್ತು ಆಡಿದ್ದನ್ನ ಹೆಚ್ಚುಕಮ್ಮಿ ಹಾಗೇ ಇಳಿಸಿದೀನಿ, ಟೈಮ್ ಸಾಲದೆ ಬಿಟ್ಟಿದ್ದ ಒಂದೆರಡು ವಿಷಯಾನೂ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡೋದು ಹಂದಿ ಸಾಕಣೆ ಪೂರ್ತಿ ಬಗ್ಗೆ ಅಲ್ಲ, ಮರಿಗೆ ತಾಯಿ ಹಾಲು ಬಿಡಿಸಿದ ಮೇಲಿನ ಎರಡು ವಾರದ ಬಗ್ಗೆ ಅಷ್ಟೇ. ಆ ಎರಡು ವಾರ ಹೇಗಿರುತ್ತೆ ಅಂತ ನಿಮಗೆ ಗೊತ್ತು. ಬೇರೆ ಮಾಡಿದ ದಿನ ಮರಿಗಳು ರಾತ್ರಿಯೆಲ್ಲಾ ಕಿರುಚ್ತಾವೆ, ಮಾರನೇ ದಿನಾನೂ ಸರಿಯಾಗಿ ತಿನ್ನಲ್ಲ, ಮೂರನೇ ದಿನ ಹಸಿವು ತಡೀದೆ ಒಂದೇ ಸಲ ಗಬಗಬ ಅಂತ ತಿಂದ್ಬಿಡ್ತಾವೆ, ಅಲ್ಲಿಂದ ಮುಂದಿನ ಒಂದು ವಾರದೊಳಗೆ ಹಿಂಭಾಗ ಒದ್ದೆ, ನೀರು ನೀರಾಗಿ ಬೇಧಿ, ಕಣ್ಣು ಒಳಗೆ ಹೋಗುತ್ತೆ, ಚೆನ್ನಾಗಿದ್ದ ಮರಿ ಎರಡೇ ದಿನಕ್ಕೆ ಮೂಳೆ ಚಕ್ಕಳ. ಇದನ್ನ ನೋಡಿ ನೋಡಿ ಸಾಕಾಗಿ ನಮ್ಮ ಜನ ಮಾಡ್ಕೊಂಡಿರೋ ಅಭ್ಯಾಸ ಏನಂದ್ರೆ ಹಾಲು ಬಿಡಿಸೋ ದಿನದಿಂದ್ಲೇ ಫೀಡಿಗೆ ಆಂಟಿಬಯೋಟಿಕ್ ಪುಡಿ ಬೆರೆಸೋದು. ಕಾಯಿಲೆ ಬಂದಿಲ್ಲ, ಡಾಕ್ಟ್ರು ನೋಡಿಲ್ಲ, ಅಂಗಡಿಯವರು ಇಷ್ಟು ಕೆಜಿಗೆ ಇಷ್ಟು ಸ್ಪೂನ್ ಅಂದ್ರು, ಹಾಕಿದ್ವಿ. ಕೆಲವರಿಗೆ ಫೀಡಿಗೆ ಬೆರೆಸೋಕೆ ತಾವು ತರೋ ವಿಟಮಿನ್, ಮಿನರಲ್ ಪುಡಿ ಅಂದ್ರೆ ಪ್ರೀಮಿಕ್ಸ್ ಚೀಲದಲ್ಲೇ ಅದು ಸೇರಿರೋದು ಗೊತ್ತೇ ಇರಲ್ಲ, ಚೀಲದ ಹಿಂದೆ ಸಣ್ಣಕ್ಷರದಲ್ಲಿ ಬರೆದಿರ್ತಾರೆ, ಯಾರು ಓದ್ತಾರೆ.

ಈ ಅಭ್ಯಾಸ ಎಲ್ಲಿಂದ ಬಂತು ಅನ್ನೋದ್ರಲ್ಲಿ ನಮ್ಮ ದಕ್ಷಿಣದ ಒಬ್ಬರ ಹೆಸರೂ ಬರುತ್ತೆ. 1940ರ ದಶಕದಲ್ಲಿ ಅಮೆರಿಕದ ಲೆಡರ್ಲೆ ಲ್ಯಾಬಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದೋರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಅವರು ಅಲ್ಲಿದ್ದಾಗ್ಲೇ ಆರಿಯೋಮೈಸಿನ್ ಅನ್ನೋ ಆಂಟಿಬಯೋಟಿಕ್ ಹೊರಗೆ ಬಂದಿದ್ದು, ಇವತ್ತು ನಾವು ಕ್ಲೋರ್‌ಟೆಟ್ರಾಸೈಕ್ಲಿನ್ ಅಂತ ಕರೆಯೋದು ಅದನ್ನೇ. 1948ರಲ್ಲಿ ಸುಬ್ಬರಾವ್ ತೀರ್ಕೊಂಡ್ರು. ಅದೇ ಲ್ಯಾಬಿನ ಥಾಮಸ್ ಜೂಕ್ಸ್ ಮತ್ತು ರಾಬರ್ಟ್ ಸ್ಟೋಕ್‌ಸ್ಟಾಡ್ ಕೋಳಿ ಮರಿಗಳಿಗೆ ವಿಟಮಿನ್ ಬಿ12 ಸಿಗಲಿ ಅಂತ ಆ ಔಷಧಿ ತಯಾರಿಕೇಲಿ ಉಳಿದ ಗಸಿಯನ್ನ ತಿನ್ಸಿ ನೋಡಿದ್ರು, ಬರೀ ಬಿ12 ತಿಂದಿದ್ದಕ್ಕಿಂತ ಇವು ಜಾಸ್ತಿ ಬೆಳೆದ್ವು, ಯಾಕೆ ಅಂತ ನೋಡಿದ್ರೆ ಗಸಿಯಲ್ಲಿ ಚೂರು ಆಂಟಿಬಯೋಟಿಕ್ ಉಳ್ಕೊಂಡಿತ್ತು. 1950ರ ಹೊತ್ತಿಗೆ ಈ ಸುದ್ದಿ ಎಲ್ಲಾ ಕಡೆ ಹಬ್ಬಿ ಕೋಳಿ, ಹಂದಿ ಎಲ್ಲದರ ಫೀಡಿಗೂ ಸಣ್ಣ ಡೋಸಲ್ಲಿ ಆಂಟಿಬಯೋಟಿಕ್ ಹಾಕೋದು ರೂಢಿಗೆ ಬಂತು.

ದಿನಾ ಹೀಗೆ ಹಾಕ್ತಿದ್ರೆ ಬ್ಯಾಕ್ಟೀರಿಯಾಗಳು ಔಷಧಿಗೆ ಜಗ್ಗದ ಹಾಗಾಗ್ತಾವೆ, ತೊಂದ್ರೆ ಅಲ್ಲಿದೆ. ಇದನ್ನ ಮೊದಲು ನಿಲ್ಲಿಸಿದ್ದು ಸ್ವೀಡನ್, 1986ರಲ್ಲಿ. ಇಡೀ ಯೂರೋಪ್ ಒಕ್ಕೂಟದಲ್ಲಿ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಹಾಕೋದು 2006ರ ಜನವರಿ 1ರಿಂದ ಬಂದ್. ಅಮೆರಿಕದಲ್ಲಿ ಮನುಷ್ಯರ ಚಿಕಿತ್ಸೆಗೆ ಮುಖ್ಯ ಆದ ಔಷಧಿಗಳನ್ನ ಪ್ರಾಣಿ ಬೆಳವಣಿಗೆಗೆ ಬಳಸೋದು 2017ರಲ್ಲಿ ನಿಂತಿತು, ಚೀನಾದಲ್ಲಿ 2020ರಲ್ಲಿ. ನಮಗೆ ಇದ್ರಲ್ಲಿ ಜಾಸ್ತಿ ಪಾಠ ಇರೋದು ಡೆನ್ಮಾರ್ಕ್ ಕಥೇಲಿ, ಯಾಕಂದ್ರೆ ಅದು ಹಂದಿಗಳ ದೇಶ, ಮತ್ತೆ ಏನಾಯ್ತು ಅಂತ ವರ್ಷ ವರ್ಷ ಲೆಕ್ಕ ಇಟ್ಟಿದಾರೆ. ದೊಡ್ಡ ಹಂದಿಗಳಿಗೆ 1998ರಲ್ಲಿ ನಿಲ್ಲಿಸಿದ್ರು, ಏನೂ ದೊಡ್ಡ ತೊಂದ್ರೆ ಆಗ್ಲಿಲ್ಲ. ಹಾಲು ಬಿಡಿಸಿದ ಮರಿಗಳಿಗೆ 2000ದ ಹೊತ್ತಿಗೆ ನಿಲ್ಲಿಸಿದಾಗ ಮಾತ್ರ ಬೇಧಿ ಜಾಸ್ತಿ ಆಯ್ತು, ಕೆಲವು ಕಾಲ ಚಿಕಿತ್ಸೆಗೆ ಅಂತ ಕೊಡೋ ಔಷಧಿ ಏರ್ತು. ಆಮೇಲೆ ಅಲ್ಲಿನ ರೈತರು ಫೀಡು ಬದಲಾಯಿಸಿದ್ರು, ಹಾಲು ಬಿಡಿಸೋ ವಯಸ್ಸು ನೋಡಿದ್ರು, ಶೆಡ್ ಸರಿ ಮಾಡ್ಕೊಂಡ್ರು, ನಿಧಾನಕ್ಕೆ ದಾರಿಗೆ ಬಂತು. 2010ರಿಂದ ಅಲ್ಲಿ ಹಳದಿ ಕಾರ್ಡ್ ಪದ್ಧತಿ ಇದೆ, ಫಾರಮ್ಮಲ್ಲಿ ಔಷಧಿ ಬಳಕೆ ಮಿತಿ ದಾಟಿದ್ರೆ ಎಚ್ಚರಿಕೆ ಬರುತ್ತೆ. ಅಂದ್ರೆ ದೊಡ್ಡ ಹಂದಿಗೆ ಪುಡಿ ಬೇಕಾಗೇ ಇರ್ಲಿಲ್ಲ, ಮರಿ ವಿಷಯದಲ್ಲಿ ಮಾತ್ರ ಆ ಪುಡಿ ನಿಜವಾಗ್ಲೂ ಏನೋ ಒಂದು ತೂತು ಮುಚ್ತಿತ್ತು. ಆ ತೂತು ಯಾವುದು ಅಂತ ತಿಳ್ಕೊಳ್ದೆ ಬರೀ ಪುಡಿ ನಿಲ್ಲಿಸಿದ್ರೆ ಮರಿ ಸಾಯ್ತಾವೆ, ನೀವು ಮತ್ತೆ ಅಂಗಡಿಗೆ ಓಡ್ತೀರ.

ನಮ್ಮ ದೇಶದಲ್ಲೂ ಕಾನೂನು ಬಂದಿದೆ. ಕೊಲಿಸ್ಟಿನ್ ಅಂತ ಒಂದು ಔಷಧಿ, ಆಸ್ಪತ್ರೆ ಐಸಿಯುನಲ್ಲಿ ಬೇರೆ ಯಾವ ಆಂಟಿಬಯೋಟಿಕ್ಕೂ ಕೆಲಸ ಮಾಡ್ದೇ ಇದ್ದಾಗ ಡಾಕ್ಟ್ರು ಕೊನೆಗೆ ತೆಗೆಯೋದು ಅದನ್ನ. ಅದೇ ಔಷಧೀನ ಹಂದಿ ಮರಿ ಬೇಧಿಗೆ, ಕೋಳಿಗೆ ಪ್ರಪಂಚದ ಎಷ್ಟೋ ಕಡೆ ಕೆಜಿಗಟ್ಟಲೆ ಹಾಕ್ತಿದ್ರು. 2015ರಲ್ಲಿ ಚೀನಾದಲ್ಲಿ ಹಂದಿಗಳಲ್ಲಿ ಎಂಸಿಆರ್-1 ಅನ್ನೋ ಜೀನ್ ಸಿಕ್ಕಿತು, ಕೊಲಿಸ್ಟಿನ್‌ಗೆ ಜಗ್ಗದ ಹಾಗೆ ಮಾಡೋ ಜೀನ್ ಅದು, ಮತ್ತೆ ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದು ಜಾತಿ ಬ್ಯಾಕ್ಟೀರಿಯಾಕ್ಕೆ ಸಲೀಸಾಗಿ ದಾಟೋ ಅಂಥದ್ದು. 2019ರ ಜುಲೈನಲ್ಲಿ ಭಾರತ ಸರ್ಕಾರ ಆಹಾರಕ್ಕೆ ಸಾಕೋ ಪ್ರಾಣಿಗಳಲ್ಲಿ, ಕೋಳಿ, ಮೀನು ಸಾಕಣೇಲಿ, ಫೀಡ್ ಸಪ್ಲಿಮೆಂಟಲ್ಲಿ ಕೊಲಿಸ್ಟಿನ್ ನಿಷೇಧ ಮಾಡ್ತು. ನಿಮ್ಮ ಹತ್ರ ಹಳೇ ಡಬ್ಬ ಏನಾದ್ರೂ ಉಳಿದಿದ್ರೆ ದಯವಿಟ್ಟು ಬಳಸ್ಬೇಡಿ. ಶೆಡ್ಡಲ್ಲಿ ಕೆಲಸ ಮಾಡೋದು ನೀವೇ, ನಿಮ್ಮ ಹೆಂಡ್ರು ಮಕ್ಕಳೇ, ಔಷಧಿಗೆ ಜಗ್ಗದ ಇ. ಕೋಲೈ, ಅಂದ್ರೆ ಬೇಧಿ ಮಾಡೋ ಕರುಳಿನ ಬ್ಯಾಕ್ಟೀರಿಯಾ, ಮೊದಲು ಬರೋದು ನಿಮ್ಮ ಕೈಗೇ.

ಈಗ ಆ ತೂತಿನ ವಿಷಯ. ಇದನ್ನ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ, ಇದೊಂದು ಅರ್ಥ ಆದ್ರೆ ಮಿಕ್ಕಿದ್ದೆಲ್ಲಾ ನೀವೇ ಲೆಕ್ಕ ಹಾಕ್ಬಹುದು. ಹಂದಿ ಹಾಲಲ್ಲಿ ನೂರಕ್ಕೆ ಸುಮಾರು ಐದು ಭಾಗ ಲ್ಯಾಕ್ಟೋಸ್, ಅಂದ್ರೆ ಹಾಲಿನ ಸಕ್ಕರೆ, ಇರುತ್ತೆ. ಮರಿ ಹೊಟ್ಟೇಲಿರೋ ಒಳ್ಳೇ ಬ್ಯಾಕ್ಟೀರಿಯಾ, ಲ್ಯಾಕ್ಟೋಬ್ಯಾಸಿಲಸ್, ಅದನ್ನ ತಿಂದು ಲ್ಯಾಕ್ಟಿಕ್ ಆಸಿಡ್ ಮಾಡುತ್ತೆ, ಹಾಗಾಗಿ ಹಾಲು ಕುಡಿಯೋ ಮರಿ ಹೊಟ್ಟೆ ಹುಳಿಯಾಗೇ ಇರುತ್ತೆ. ಮರಿಗೆ ಸ್ವಂತವಾಗಿ ಹೈಡ್ರೋಕ್ಲೋರಿಕ್ ಆಸಿಡ್ ಮಾಡೋ ಶಕ್ತಿ ಆಗಿನ್ನೂ ಪೂರ್ತಿ ಬಂದಿರಲ್ಲ, ಬೇಕಾಗಿಯೂ ಇರಲ್ಲ. ನೀವು ಹಾಲು ಬಿಡಿಸಿದ ದಿನ ಲ್ಯಾಕ್ಟೋಸ್ ನಿಂತುಹೋಯ್ತು, ಲ್ಯಾಕ್ಟಿಕ್ ಆಸಿಡ್ ಇಳೀತು, ಸ್ವಂತ ಆಸಿಡ್ ಸಾಲ್ತಿಲ್ಲ. ಹುಳಿ ಅಳೆಯೋದು ಪಿಎಚ್ ಅನ್ನೋ ಅಂಕೀಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ದೊಡ್ಡ ಹಂದಿ ಹೊಟ್ಟೆಯ ಪಿಎಚ್ 2ರಿಂದ 3ರ ಒಳಗೆ ಇರುತ್ತೆ, ಈ ಮರೀದು 4 ದಾಟಿ ಕೂತಿರುತ್ತೆ. ಪ್ರೋಟೀನ್ ಒಡೆಯೋ ಪೆಪ್ಸಿನ್ ಅಷ್ಟು ಸಪ್ಪೆ ಹೊಟ್ಟೇಲಿ ಸರಿಯಾಗಿ ಕೆಲಸ ಮಾಡಲ್ಲ. ಆಗ ಸೋಯಾ ಹಿಂಡಿ ಪ್ರೋಟೀನ್ ಅರ್ಧಂಬರ್ಧ ಜೀರ್ಣ ಆಗಿ ಕೆಳಗೆ ಇಳಿಯುತ್ತೆ, ಅಲ್ಲಿ ಕೆಟ್ಟ ಬ್ಯಾಕ್ಟೀರಿಯಾಗೆ ಊಟ. ಬಾಯಿಂದ ಒಳಗೆ ಹೋದ ಇ. ಕೋಲೈನ ಹೊಟ್ಟೆಯ ಹುಳಿನೇ ಕೊಲ್ಲಬೇಕಿತ್ತು, ಆ ಕಾವಲೂ ಇಲ್ಲ.

ಜೊತೆಗೆ ಇನ್ನೊಂದು ಏಟು. ಸಣ್ಣ ಕರುಳಿನ ಒಳಗೋಡೆ ಮೇಲೆ ಟರ್ಕಿ ಟವೆಲಿನ ಎಳೆ ಥರ ಸಣ್ಣ ಸಣ್ಣ ವಿಲ್ಲೈಗಳಿರ್ತಾವೆ, ತಿಂದದ್ದನ್ನ ಹೀರ್ಕೊಳ್ಳೋದು ಅವೇ. ಮರಿ ಒಂದೆರಡು ದಿನ ಏನೂ ತಿನ್ನದೇ ಇದ್ರೆ ಅವು ಸವೆದು ಗಿಡ್ಡ ಆಗ್ಬಿಡ್ತಾವೆ, ಯಾಕಂದ್ರೆ ಕರುಳಿನ ಒಳಪದರಕ್ಕೆ ಆಹಾರ ಬಹುಪಾಲು ಕರುಳೊಳಗಿಂದ್ಲೇ ಸಿಗಬೇಕು. ತಾಯಿ ಹಾಲಲ್ಲಿ ಬರ್ತಿದ್ದ ಐಜಿಎ ಪ್ರತಿಕಾಯಗಳೂ ಅದೇ ದಿನ ನಿಂತಿರ್ತಾವೆ, ಮರೀದೇ ರೋಗನಿರೋಧಕ ಶಕ್ತಿ ಇನ್ನೂ ಎಳೇದು. ಇಂಥಾ ಹೊತ್ತಲ್ಲಿ ಎಫ್4, ಎಫ್18 ಅನ್ನೋ ಕೊಕ್ಕೆ ಇರೋ ಇ. ಕೋಲೈ ಕರುಳಿಗೆ ಅಂಟ್ಕೊಂಡು ವಿಷ ಬಿಡ್ತಾವೆ, ಕರುಳು ಮೈಯೊಳಗಿನ ನೀರನ್ನೆಲ್ಲಾ ಹೊರಗೆ ಸುರಿಯುತ್ತೆ. ಮರಿ ಸಾಯೋದು ಬಹಳ ಸಲ ನೀರು ಉಪ್ಪು ಖಾಲಿಯಾಗಿ.

ಹಾಗಾಗಿ ನನ್ನ ಮಾತು ಇಷ್ಟೇ. ಆಂಟಿಬಯೋಟಿಕ್ ಪುಡಿ ಜಾಗಕ್ಕೆ ಇನ್ಯಾವ ಪುಡಿ ಹಾಕ್ಲಿ ಅಂತ ಕೇಳ್ಬೇಡಿ, ಈ ಹುಳಿ ಇಲ್ಲದ ಎರಡು ವಾರ ಮರೀನ ಹೇಗೆ ದಾಟಿಸ್ಲಿ ಅಂತ ಕೇಳಿ. ಆಗ ಮೊದಲು ಕೈ ಹಾಕ್ಬೇಕಾದ್ದು ಯಾವ ಡಬ್ಬಕ್ಕೂ ಅಲ್ಲ, ನಿಮ್ಮ ಫೀಡ್ ಚೀಲಕ್ಕೆ.

ಚೀಲದಲ್ಲಿ ನೋಡ್ಬೇಕಾದ್ದು ಸುಣ್ಣ. ಕ್ಯಾಲ್ಸೈಟ್ ಪುಡಿ ಅಂತ ಹಾಕ್ತೀರಲ್ಲ, ಕ್ಯಾಲ್ಸಿಯಂಗೆ ಅಂತ, ಅದು ಸುಣ್ಣಕಲ್ಲು, ಫೀಡಲ್ಲಿ ಆಸಿಡ್ ಜಾಸ್ತಿ ಕುಡಿಯೋ ಪದಾರ್ಥಗಳಲ್ಲಿ ಅದೂ ಒಂದು. ಮರಿ ಹೊಟ್ಟೆ ಕಷ್ಟಪಟ್ಟು ಮಾಡಿದ ಚೂರು ಆಸಿಡ್ಡನ್ನ ಇದು ತಿಂದ್ಹಾಕುತ್ತೆ. ನೀವು ಸಾವಿರಾರು ರೂಪಾಯಿ ಕೊಟ್ಟು ಆಸಿಡಿಫೈಯರ್, ಅಂದ್ರೆ ಹೊಟ್ಟೆ ಹುಳಿ ಮಾಡೋ ಆಸಿಡ್ ಪುಡಿ, ತಂದು ಒಂದು ಕೈಯಲ್ಲಿ ಅದನ್ನ ಹಾಕಿ, ಇನ್ನೊಂದು ಕೈಯಲ್ಲಿ ಅದೇ ಫೀಡಿಗೆ ಧಾರಾಳವಾಗಿ ಕ್ಯಾಲ್ಸೈಟ್ ಸುರಿದ್ರೆ ದುಡ್ಡು ಮಣ್ಣುಪಾಲು, ಇದನ್ನ ನಾನು ಎಷ್ಟೋ ಫಾರಮ್ಮುಗಳಲ್ಲಿ ನೋಡಿದೀನಿ, ಬೇಜಾರಾಗುತ್ತೆ. ಮೊದಲ ಎರಡು ವಾರದ ಫೀಡಲ್ಲಿ ಕ್ಯಾಲ್ಸೈಟ್ ಕಮ್ಮಿ ಮಾಡಿ, ಅಷ್ಟು ದಿನಕ್ಕೆ ಮರಿ ಮೂಳೆಗೆ ಏನೂ ಆಗಲ್ಲ. ಫೈಟೇಸ್ ಅನ್ನೋ ಎನ್‌ಜೈಮ್ ಹಾಕಿದ್ರೆ ಜೋಳ, ತೌಡಿನಲ್ಲಿ ಕಟ್ಟಿಹಾಕಿರೋ ರಂಜಕ ಬಿಡುಗಡೆ ಆಗುತ್ತೆ, ಆಗ ರಂಜಕಕ್ಕೆ ಅಂತ ಹಾಕೋ ಡಿಸಿಪಿ ಪುಡಿನೂ ಕಮ್ಮಿ ಸಾಕು.

ಆಮೇಲೆ ಪ್ರೋಟೀನ್. ಮರಿ ಬೇಗ ಬೆಳೀಲಿ ಅಂತ 22, 23 ಪರ್ಸೆಂಟ್ ಪ್ರೋಟೀನ್ ಕೊಡ್ತೀವಿ, ಜೀರ್ಣ ಆಗದೇ ಇರೋ ಪ್ರೋಟೀನೇ ಬೇಧಿಗೆ ಮೂಲ ಅಂದ್ಮೇಲೆ ಅದನ್ನ 18ರ ಆಸುಪಾಸಿಗೆ ಇಳಿಸಿ, ಕೊರತೆ ಬೀಳೋ ಲೈಸಿನ್, ಮೆಥಿಯೋನಿನ್, ಥ್ರಿಯೋನಿನ್, ಟ್ರಿಪ್ಟೋಫ್ಯಾನ್ ಅನ್ನೋ ಅಮೈನೋ ಆಸಿಡ್‌ಗಳನ್ನ, ಅಂದ್ರೆ ಪ್ರೋಟೀನಿನ ಬಿಡಿ ಭಾಗಗಳನ್ನ, ಬೇರೆಯಾಗಿ ಸೇರಿಸೋದು ಜಾಣತನ. ಬರೀ ಇಳಿಸಿ ಅಮೈನೋ ಆಸಿಡ್ ಸೇರಿಸ್ದೇ ಇದ್ರೆ ಬೇಧಿ ಕಮ್ಮಿ ಆಗುತ್ತೆ, ಬೆಳವಣಿಗೆಯೂ ನಿಂತುಹೋಗುತ್ತೆ, ಆದ್ರಿಂದ ಎರಡೂ ಒಟ್ಟಿಗೆ ಆಗ್ಬೇಕು. ಎಲ್ಲಾ ಪ್ರೋಟೀನೂ ಸೋಯಾ ಹಿಂಡಿಯಿಂದ್ಲೇ ಬರೋದು ಬೇಡ, ಸೋಯಾದಲ್ಲಿರೋ ಕೆಲವು ಪ್ರೋಟೀನುಗಳು ಎಳೇ ಕರುಳಿಗೆ ಅಲರ್ಜಿ ಥರ ತೊಂದ್ರೆ ಕೊಡ್ತಾವೆ. ಸ್ವಲ್ಪ ಮೀನಿನ ಪುಡಿ, ಸಿಕ್ರೆ ಹಾಲಿನ ಪುಡಿ ಅಥವಾ ವೇ ಪುಡಿ (ಒಡೆದ ಹಾಲಿನ ನೀರು ಒಣಗಿಸಿದ್ದು) ಸೇರಿಸಿ. ವೇ ಪುಡೀಲಿ ಲ್ಯಾಕ್ಟೋಸ್ ಇದೆ, ನಿಂತುಹೋದ ಲ್ಯಾಕ್ಟಿಕ್ ಆಸಿಡ್ ಮತ್ತೆ ಶುರು ಆಗುತ್ತೆ, ಅದಕ್ಕೇ ಅದು ಅಷ್ಟು ಚೆನ್ನಾಗಿ ಕೆಲಸ ಮಾಡೋದು. ಸಂತೇಲಿ ಸಿಗೋ ಉಪ್ಪು ಹಾಕಿದ ಒಣಮೀನು ಮಾತ್ರ ಬೇಡ, ಉಪ್ಪು ವಿಪರೀತ, ಮರಳೂ ಇರುತ್ತೆ.

ಇಷ್ಟು ಮಾಡ್ಕೊಂಡ ಮೇಲೆ ಸಪ್ಲಿಮೆಂಟ್ ಮಾತು. ನನ್ನ ಲೆಕ್ಕದಲ್ಲಿ ಮೊದಲ ಜಾಗ ಆಸಿಡ್‌ಗಳಿಗೆ. ಫಾರ್ಮಿಕ್, ಲ್ಯಾಕ್ಟಿಕ್, ಸಿಟ್ರಿಕ್, ಫ್ಯೂಮರಿಕ್, ಬೆಂಜೋಯಿಕ್, ಇವೆಲ್ಲಾ ಆರ್ಗಾನಿಕ್ ಆಸಿಡ್‌ಗಳು. ಇವು ಎರಡು ಕೆಲಸ ಮಾಡ್ತಾವೆ. ಹೊಟ್ಟೆ ಪಿಎಚ್ ಇಳಿಸೋದು ಒಂದು. ಇನ್ನೊಂದು, ಒಡೆಯದ ಆಸಿಡ್ ಕಣ ಇ. ಕೋಲೈ ಗೋಡೆ ದಾಟಿ ಒಳಗೆ ಹೋಗಿ ಅಲ್ಲಿ ಒಡೆಯುತ್ತೆ, ಒಳಗೆ ಹುಳಿಯಾದ ಬ್ಯಾಕ್ಟೀರಿಯಾ ಆ ಹುಳಿಯನ್ನ ಹೊರಗೆ ತಳ್ಳೋಕೆ ಇರೋ ಶಕ್ತಿ ಎಲ್ಲಾ ಖರ್ಚು ಮಾಡಿ ಸೋಲುತ್ತೆ. ಲ್ಯಾಕ್ಟೋಬ್ಯಾಸಿಲಸ್‌ಗೆ ಹುಳಿ ಅಭ್ಯಾಸ, ಅದು ತಡ್ಕೊಳ್ಳುತ್ತೆ. ಯೂರೋಪಲ್ಲಿ ಆಂಟಿಬಯೋಟಿಕ್ ಅಲ್ಲದ ಬೆಳವಣಿಗೆ ಸಪ್ಲಿಮೆಂಟ್ ಅಂತ ಮೊದಲು ಒಪ್ಪಿಗೆ ಸಿಕ್ಕಿದ್ದು 2001ರಲ್ಲಿ ಪೊಟ್ಯಾಸಿಯಂ ಡೈಫಾರ್ಮೇಟ್‌ಗೆ, ಅದು ಫಾರ್ಮಿಕ್ ಆಸಿಡ್ಡಿನ ಉಪ್ಪಿನ ರೂಪ. ಬೆಂಜೋಯಿಕ್ ಆಸಿಡ್ ಹಾಲು ಬಿಡಿಸಿದ ಮರಿಗೆ ಟನ್ ಫೀಡಿಗೆ 5 ಕೆಜಿ ಲೆಕ್ಕದಲ್ಲಿ ಹಾಕ್ತಾರೆ. ಸಿಟ್ರಿಕ್ ಅಂದ್ರೆ ನಮ್ಮ ದಿನಸಿ ಅಂಗಡಿ ನಿಂಬೆ ಉಪ್ಪೇ, ಟನ್ನಿಗೆ 10ರಿಂದ 20 ಕೆಜಿ ಬೇಕಾಗುತ್ತೆ, ಅದು ಬೆಂಜೋಯಿಕ್‌ಗಿಂತ ದುಬಾರಿ ಬೀಳ್ಬಹುದು, ನಿಮ್ಮೂರ ರೇಟು ನೋಡಿ ಲೆಕ್ಕ ಹಾಕಿ. ದ್ರವ ಫಾರ್ಮಿಕ್ ಆಸಿಡ್ ಬಗ್ಗೆ ಒಂದು ಎಚ್ಚರಿಕೆ ಕೊಡ್ಲೇಬೇಕು. ಅದು ಚರ್ಮ ಸುಡುತ್ತೆ, ಕಣ್ಣಿಗೆ ಬಿದ್ರೆ ಕಣ್ಣೇ ಹೋಗ್ಬಹುದು, ತಗಡಿನ ಬಾನಿಯನ್ನೂ ತಿನ್ನುತ್ತೆ. ಮಕ್ಕಳ ಕೈಗೆ ಸಿಗೋ ಕಡೆ ನೀರಿನ ಬಾಟ್ಲಿಗೆ ಸುರಿದು ಇಡೋ ಅಭ್ಯಾಸ ನಮ್ಮಲ್ಲಿದೆ, ಕೈ ಮುಗಿದು ಹೇಳ್ತೀನಿ, ಹಾಗೆ ಮಾಡ್ಬೇಡಿ. ಸಣ್ಣ ರೈತರಿಗೆ ಪುಡಿ ರೂಪದ್ದೇ ವಾಸಿ.

ಆಸಿಡ್ಡನ್ನ ದುಡ್ಡು ಕೊಟ್ಟು ತರದೆ ಮನೇಲೇ ಮಾಡೋ ದಾರಿಯೂ ಇದೆ, ಹುಳಿ ಬರಿಸಿದ ಫೀಡು. ನಮ್ಮ ಕಡೆ ರಾಗಿ ಅಂಬಲಿ ಹುಳಿ ಬರಿಸಿದ ಮನೆಗಳಿಗೆ ಇದು ಹೊಸದಲ್ಲ. ಮುಸುಕಿನ ಜೋಳದ ನುಚ್ಚು, ರಾಗಿ, ಅಕ್ಕಿ ನುಚ್ಚು ಯಾವುದಾದ್ರೂ ತಗೊಂಡು ಎರಡೂವರೆಯಷ್ಟು ನೀರು ಹಾಕಿ, ಒಂದಿಷ್ಟು ಒಳ್ಳೇ ಹುಳಿ ಮಜ್ಜಿಗೆ ಸೇರಿಸಿ ಮುಚ್ಚಿಟ್ರೆ ನಮ್ಮ ಬಿಸಿಲಿಗೆ ಒಂದು ದಿನ, ಒಂದೂವರೆ ದಿನಕ್ಕೆ ಹುಳಿ ಏರುತ್ತೆ. ಪಿಎಚ್ 4.5ಕ್ಕಿಂತ ಕೆಳಗೆ ಬರ್ಬೇಕು, ಪಿಎಚ್ ಪೇಪರ್ ಸಿಗುತ್ತೆ, ತಂದಿಟ್ಕೊಳ್ಳಿ, ಮೂಗು ನಂಬ್ಬೇಡಿ. ಇದ್ರಲ್ಲಿ ಎರಡು ಕಡೆ ಜನ ಎಡವ್ತಾರೆ. ಮಜ್ಜಿಗೆ ಹಾಕ್ದೆ ತಾನಾಗೇ ಹುಳಿ ಬರ್ಲಿ ಅಂತ ಬಿಟ್ರೆ ಮೊದಲ ಒಂದೆರಡು ದಿನ ಅದ್ರಲ್ಲಿ ಲ್ಯಾಕ್ಟೋಬ್ಯಾಸಿಲಸ್‌ಗಿಂತ ಮುಂಚೆ ಇ. ಕೋಲೈ ಜಾತಿಯವೇ ಬೆಳೀತಾವೆ, ಆ ಹಂತದಲ್ಲಿ ಮರಿಗೆ ಕುಡಿಸಿದ್ರೆ ನಾವೇ ಕಾಯಿಲೆ ಕುಡಿಸಿದ ಹಾಗೆ. ಒಳ್ಳೇ ಹುಳಿ ಬಂದ ಮೇಲೆ ತಳದಲ್ಲಿ ಕಾಲು ಭಾಗ ಉಳಿಸಿ ಅದ್ರ ಮೇಲೇ ಹೊಸದು ಹಾಕಿ, ಆಗ ಬೇಗ ಏರುತ್ತೆ. ಎರಡನೇದು, ಪೂರ್ತಿ ಫೀಡನ್ನ ಹುಳಿ ಬರಿಸೋದು. ನೀವು ದುಡ್ಡು ಕೊಟ್ಟು ಹಾಕಿರೋ ಲೈಸಿನ್ನನ್ನ ಆ ಬ್ಯಾಕ್ಟೀರಿಯಾಗಳು ತಿಂದು ಮುಗಿಸ್ತಾವೆ. ಧಾನ್ಯ ಮಾತ್ರ ಹುಳಿ ಬರಿಸಿ, ಹಿಂಡಿ, ಮಿನರಲ್, ಲೈಸಿನ್ ಎಲ್ಲಾ ತಿನ್ಸೋ ಹೊತ್ತಿಗೆ ಬೆರೆಸಿ. ಮಿಕ್ಕಿದ್ದನ್ನ ಬಾನೀಲಿ ಸಂಜೆವರೆಗೂ ಬಿಡ್ಬೇಡಿ, ತೊಳೀರಿ.

ಪ್ರೊಬಯೋಟಿಕ್, ಅಂದ್ರೆ ಒಳ್ಳೇ ಬ್ಯಾಕ್ಟೀರಿಯಾ ಇರೋ ಪುಡಿ, ಅದ್ರ ಬಗ್ಗೆ ಅಂಗಡಿಯವರು ತುಂಬಾ ಹೇಳ್ತಾರೆ, ನಾನು ಅಷ್ಟು ಹೇಳಲ್ಲ. ಕೆಲವು ಕಡೆ ಒಳ್ಳೇ ಫಲ ಕೊಟ್ಟಿದೆ, ಕೆಲವು ಕಡೆ ಏನೂ ಇಲ್ಲ, ತಳಿ ಮೇಲೆ, ಡೋಸ್ ಮೇಲೆ, ನಿಮ್ಮ ಶೆಡ್ ಮೇಲೆ ಹೋಗುತ್ತೆ. ತಗೊಳ್ಳೋದಾದ್ರೆ ಒಂದು ವಿಷಯ ನೋಡಿ. ಬ್ಯಾಸಿಲಸ್ ಸಬ್ಟಿಲಿಸ್, ಬ್ಯಾಸಿಲಸ್ ಲೈಕೆನಿಫಾರ್ಮಿಸ್ ಇವು ಸ್ಪೋರ್ ಆಗಿ ನಿದ್ದೆ ಮಾಡ್ತಾ ಇರ್ತಾವೆ, ಪೆಲೆಟ್ ಮಾಡೋ ಬಿಸೀನೂ ನಮ್ಮ ಏಪ್ರಿಲ್ ಗೋಡೌನೂ ತಡ್ಕೊಳ್ತಾವೆ. ಲ್ಯಾಕ್ಟೋಬ್ಯಾಸಿಲಸ್ ಇರೋ ಪುಡಿ ಬಿಸೀಲಿ ಸತ್ತುಹೋಗುತ್ತೆ, ಚೀಲದಲ್ಲಿ ಬರೀ ಹೆಸರು ಉಳಿಯುತ್ತೆ. ಮತ್ತೆ ಆಂಟಿಬಯೋಟಿಕ್ಕೂ ಪ್ರೊಬಯೋಟಿಕ್ಕೂ ಒಂದೇ ಫೀಡಿಗೆ ಹಾಕೋರಿದಾರೆ, ಅದು ಇದನ್ನ ಕೊಲ್ಲುತ್ತೆ, ಎರಡಕ್ಕೂ ಕೊಟ್ಟ ದುಡ್ಡು ದಂಡ. ಯೀಸ್ಟ್ ಗೋಡೆಯಿಂದ ತೆಗೆದ ಎಂಒಎಸ್ ಅಂತ ಬರುತ್ತೆ, ಅದ್ರಲ್ಲಿರೋ ಮ್ಯಾನೋಸ್ ಸಕ್ಕರೆಗೆ ಕೆಲವು ಜಾತಿ ಇ. ಕೋಲೈ ತಾವಾಗೇ ಅಂಟ್ಕೊಂಡು ಹೊರಗೆ ಹೋಗ್ತಾವೆ. ಆದ್ರೆ ಮರಿ ಬೇಧಿ ಮಾಡೋ ಎಫ್4, ಎಫ್18 ಕೊಕ್ಕೆಗಳು ಮ್ಯಾನೋಸ್ ಹಿಡಿಯೋ ಜಾತಿಯವಲ್ಲ, ಆದ್ರಿಂದ ಬರೀ ಅದನ್ನ ನಂಬ್ಕೊಂಡು ಕೂರೋಕಾಗಲ್ಲ. ಮೊಟ್ಟೆ ಹಳದಿಯಿಂದ ತೆಗೆದ ಪ್ರತಿಕಾಯ, ಒಣಗಿಸಿದ ರಕ್ತದ ಪ್ಲಾಸ್ಮಾ, ಇವೂ ಇದಾವೆ. ಪ್ಲಾಸ್ಮಾ ಚೆನ್ನಾಗೇ ಕೆಲಸ ಮಾಡುತ್ತೆ, ಆದ್ರೆ 2020ರಲ್ಲಿ ಆಫ್ರಿಕನ್ ಹಂದಿ ಜ್ವರ ನಮ್ಮ ದೇಶಕ್ಕೆ ಕಾಲಿಟ್ಟ ಮೇಲೆ ಹಂದಿ ರಕ್ತದಿಂದ ಮಾಡಿದ್ದನ್ನ ಹಂದಿಗೆ ತಿನ್ಸೋದು ನನಗೆ ಧೈರ್ಯ ಬರಲ್ಲ, ಬೆಲೆಯೂ ಕೈಗೆ ಎಟುಕಲ್ಲ.

ಮಸಾಲೆ ಗಿಡಗಳ ವಿಷಯ ಬಂದ್ರೆ ನಮ್ಮ ಜನಕ್ಕೆ ಖುಷಿ. ಓಂಕಾಳಲ್ಲಿ ಥೈಮಾಲ್ ಇದೆ, ಚಕ್ಕೇಲಿ ಸಿನ್ನಮಾಲ್ಡಿಹೈಡ್, ಬೆಳ್ಳುಳ್ಳೀಲಿ ಅಲಿಸಿನ್. ಥೈಮಾಲ್ ನಿಜವಾಗ್ಲೂ ಬ್ಯಾಕ್ಟೀರಿಯಾ ಗೋಡೆ ಒಡೆಯುತ್ತೆ, ಯೂರೋಪಿನ ಕಂಪನಿಗಳು ಮಾರೋ ಮರಿ ಫೀಡ್ ಸಪ್ಲಿಮೆಂಟಲ್ಲೂ ಅದೇ ಇರೋದು. ತೊಂದ್ರೆ ಏನಂದ್ರೆ ಈ ಎಣ್ಣೆಗಳು ಬಿಸಿಗೆ ಹಾರಿಹೋಗ್ತಾವೆ, ಉಳಿದಿದ್ದು ಕರುಳಿನ ಮೇಲ್ಭಾಗದಲ್ಲೇ ಹೀರ್ಕೊಂಡು ಮುಗಿದುಹೋಗುತ್ತೆ, ಇ. ಕೋಲೈ ಇರೋ ಕೆಳಗಿನ ಭಾಗಕ್ಕೆ ತಲುಪಲ್ಲ. ಅದಕ್ಕೇ ಕಂಪನಿಯವರು ಕೊಬ್ಬಿನ ಪದರ ಸುತ್ತಿ ಮಾರ್ತಾರೆ. ಅರಿಶಿನ ಬೆಳ್ಳುಳ್ಳಿ ಅರೆದು ಹಾಕೋರು ಹಾಕಿ, ಕೆಡುಕಿಲ್ಲ, ಆದ್ರೆ ಜಾಸ್ತಿ ವಾಸನೆ ಬಂದ್ರೆ ಮರಿ ಫೀಡೇ ಮುಟ್ಟಲ್ಲ, ತಿನ್ನದೇ ಇರೋ ಮರಿಗೆ ಯಾವ ಮದ್ದೂ ಇಲ್ಲ. ಕೊಬ್ಬರಿ ಎಣ್ಣೆ ನನಗೆ ಇದಕ್ಕಿಂತ ಇಷ್ಟ, ಅರ್ಧದಷ್ಟು ಲಾರಿಕ್ ಆಸಿಡ್ ಇದೆ, ಎಳೇ ಮರಿಗೆ ಸುಲಭವಾಗಿ ಜೀರ್ಣ ಆಗೋ ಕೊಬ್ಬು, ನಮ್ಮ ಜಿಲ್ಲೇಲಿ ತೆಂಗಿಗೆ ಬರ ಇಲ್ಲ. ಕಮಟು ವಾಸನೆ ಬಂದಿರ್ಬಾರ್ದು ಅಷ್ಟೇ.

ಈಗ ಜಿಂಕ್ ಆಕ್ಸೈಡ್. ಇದ್ರ ಬಗ್ಗೆ ನಾನು ಗಟ್ಟಿಯಾಗಿ ಮಾತಾಡ್ತೀನಿ. ಟನ್ ಫೀಡಿಗೆ ಎರಡೂವರೆಯಿಂದ ಮೂರು ಕೆಜಿ ಜಿಂಕ್ ಬರೋ ಹಾಗೆ ಈ ಬಿಳೀ ಪುಡಿ ಹಾಕಿದ್ರೆ ಬೇಧಿ ನಿಲ್ಲುತ್ತೆ, ಇದು ಸುಳ್ಳಲ್ಲ, ಆಂಟಿಬಯೋಟಿಕ್ ನಿಲ್ಲಿಸಿದ ಮೇಲೆ ಯೂರೋಪಿನ ರೈತರು ಹಿಡ್ಕೊಂಡಿದ್ದು ಇದನ್ನೇ. ಆದ್ರೆ ಮರಿಗೆ ನಿಜವಾಗಿ ಬೇಕಾಗಿರೋದು ಟನ್ನಿಗೆ ಸುಮಾರು 100 ಗ್ರಾಂ. ಮಿಕ್ಕಿದ್ದೆಲ್ಲಾ ಎಲ್ಲಿ ಹೋಗುತ್ತೆ, ಸಗಣಿಗೆ. ಒಂದು ಟನ್ ಫೀಡ್ ತಿಂದ್ರೆ ಎರಡು ಕೆಜಿಗಿಂತ ಜಾಸ್ತಿ ಜಿಂಕ್ ನಿಮ್ಮ ಗೊಬ್ಬರದ ಗುಂಡೀಲಿ. ಆ ಗೊಬ್ಬರ ಎಲ್ಲಿಗೆ ಹೋಗುತ್ತೆ ಅಂತ ನಿಮಗೇ ಗೊತ್ತು, ಕಬ್ಬಿನ ಗದ್ದೆಗೆ, ಭತ್ತದ ಗದ್ದೆಗೆ. ಜಿಂಕ್ ಲೋಹ, ಕರಗಿ ಹೋಗಲ್ಲ, ಕೊಳೆಯಲ್ಲ, ವರ್ಷ ವರ್ಷ ಅದೇ ಮಣ್ಣಲ್ಲಿ ಕೂಡ್ತಾ ಹೋಗುತ್ತೆ. ನಮ್ಮ ಎಷ್ಟೋ ಗದ್ದೆಗೆ ಜಿಂಕ್ ಕೊರತೆ ಇದೆ, ಒಳ್ಳೇದೇ ಅಲ್ವಾ ಅಂತ ಒಬ್ರು ಕೇಳಿದ್ರು. ಕೊರತೆ ಇದ್ರೆ ಮಣ್ಣು ಪರೀಕ್ಷೆ ಮಾಡ್ಸಿ ಬೇಕಾದಷ್ಟು ಜಿಂಕ್ ಸಲ್ಫೇಟ್ ಹಾಕಿ, ಎಲ್ಲೆಷ್ಟು ಬಿತ್ತು ಅಂತ ಲೆಕ್ಕ ಇಲ್ಲದ ಹಂದಿ ಗೊಬ್ಬರದಿಂದ ಅಲ್ಲ. ಇನ್ನೂ ಒಂದು ಕೆಟ್ಟದ್ದಿದೆ, ಜಿಂಕ್ ತಡ್ಕೊಳ್ಳೋ ಜೀನೂ ಆಂಟಿಬಯೋಟಿಕ್ ತಡ್ಕೊಳ್ಳೋ ಜೀನೂ ಎಷ್ಟೋ ಬ್ಯಾಕ್ಟೀರಿಯಾದಲ್ಲಿ ಅಕ್ಕಪಕ್ಕ ಕೂತಿರ್ತಾವೆ, ಜಿಂಕ್ ಸುರಿದ್ರೆ ಎರಡೂ ಒಟ್ಟಿಗೆ ಬೆಳೀತಾವೆ. ಈ ಎರಡು ಕಾರಣಕ್ಕೇ ಯೂರೋಪಲ್ಲಿ 2022ರ ಜೂನ್‌ನಿಂದ ಔಷಧಿ ಡೋಸಿನ ಜಿಂಕ್ ಆಕ್ಸೈಡ್ ನಿಂತುಹೋಯ್ತು, ಫೀಡಲ್ಲಿ ಮರಿಗೆ ಕೆಜಿಗೆ 150 ಮಿಲಿಗ್ರಾಂ ಅಷ್ಟೇ ಮಿತಿ. ಮೈಲುತುತ್ತದ ವಿಷಯವೂ ಇದೇ ಜಾತಿ, ಅದೂ ಲೋಹವೇ, ಅದೂ ಮಣ್ಣಿಗೇ.

ಡಬ್ಬದಲ್ಲಿ ಸಿಗದೇ ಇರೋದು ಒಂದಿಷ್ಟಿದೆ, ಅದನ್ನ ಬಿಟ್ಟು ಬರೀ ಸಪ್ಲಿಮೆಂಟ್ ಮಾತಾಡಿದ್ರೆ ನಿಮಗೆ ಮೋಸ ಮಾಡಿದ ಹಾಗಾಗುತ್ತೆ. ಹೆಚ್ಚು ಮರಿ ಸೂಲು ಸಿಗುತ್ತೆ ಅಂತ 21 ದಿನಕ್ಕೇ ಹಾಲು ಬಿಡ್ಸೋರು ಈಗ ಜಾಸ್ತಿ ಆಗ್ತಿದಾರೆ. ಒಳ್ಳೇ ಫೀಡು, ಬೆಚ್ಚಗಿನ ಶೆಡ್ ಇಲ್ದೆ ಅದಕ್ಕೆ ಕೈ ಹಾಕ್ಬೇಡಿ, 35 ದಿನಕ್ಕೆ ಬಿಡಿಸಿ, ಒಂದೆರಡು ವಾರ ತಡ ಆದ್ರೆ ಕಳ್ಕೊಳ್ಳೋದು ಸತ್ತ ಮರಿಗಿಂತ ಕಮ್ಮಿ. ಯೂರೋಪಲ್ಲೂ ಸಾಮಾನ್ಯ ನಿಯಮ 28 ದಿನ. ಹತ್ತು ದಿನದ ವಯಸ್ಸಿಂದ್ಲೇ ತಾಯಿ ಪಕ್ಕ ಚೂರು ಚೂರು ಫೀಡ್ ಇಟ್ಟು ಬಾಯಿ ರೂಢಿ ಮಾಡ್ಸಿ. ಬಿಡಿಸಿದ ಮೊದಲ ವಾರ ಮರಿ ಮಲಗೋ ಜಾಗ 28ರಿಂದ 30 ಡಿಗ್ರಿ ಬೇಕು. ಡಿಸೆಂಬರ್ ಬೆಳಗಿನ ಜಾವದ ಚಳಿ ನಮ್ಮಲ್ಲೂ ಕಮ್ಮಿ ಏನಲ್ಲ, ಸಿಮೆಂಟ್ ನೆಲದ ಮೇಲೆ ಮರಿ ಒಂದರ ಮೇಲೊಂದು ಬಿದ್ದಿದ್ರೆ ಚಳಿ ಆಗಿದೆ ಅಂತಲೇ ಅರ್ಥ, ಭತ್ತದ ಹುಲ್ಲು ಹಾಸಿ. ಜೋಳದಲ್ಲಿ, ಕಡ್ಲೇಕಾಯಿ ಹಿಂಡೀಲಿ ಬೂಷ್ಟು ಇದ್ರೆ ಅಫ್ಲಾಟಾಕ್ಸಿನ್ ಇರುತ್ತೆ, ಅಂಥ ಫೀಡಿಗೆ ಯಾವ ಆಸಿಡ್ ಹಾಕಿದ್ರೂ ಪ್ರಯೋಜನ ಇಲ್ಲ, ವಿಷ ವಿಷವೇ. ಹೋಟೆಲ್ ಕಲಗಚ್ಚು ತರೋರು ಚೆನ್ನಾಗಿ ಕುದಿಸದೇ ಯಾವ ಹಂದಿಗೂ ಹಾಕ್ಬೇಡಿ, ಈ ಎರಡು ವಾರದ ಮರಿಗಂತೂ ಕುದಿಸಿದ್ದೂ ಬೇಡ.

ಕೊನೇಲಿ ಪ್ರಶ್ನೆಗಳು ಬಂದ್ವು, ಕೆಲವನ್ನ ಇಲ್ಲಿ ಹಾಕ್ತೀನಿ. ಒಬ್ಬ ಅಕ್ಕ ಕೇಳಿದ್ರು, "ಸಾರ್, ನಮ್ಮದು ಆಲೆಮನೆ, ಕಾಕಂಬಿ, ಬೆಲ್ಲದ ಮಡ್ಡಿ ಎಲ್ಲಾ ಸಿಕ್ತದೆ, ಮರೀಗೆ ಹಾಕ್ಬೋದಾ?" ಚೂರು ಹಾಕಿದ್ರೆ ರುಚಿಗೆ ತಿಂತಾವೆ ಅಕ್ಕ, ಜಾಸ್ತಿ ಆದ್ರೆ ಅದೇ ಬೇಧಿ ಮಾಡ್ಸುತ್ತೆ, ಅದ್ರಲ್ಲಿ ಪೊಟ್ಯಾಸಿಯಂ ಜಾಸ್ತಿ. ದೊಡ್ಡ ಹಂದಿಗೆ ಹಾಕಿ, ಹಾಲು ಬಿಡಿಸಿದ ಮೊದಲ ಎರಡು ವಾರ ಮರಿಗೆ ಬೇಡ.

ಇನ್ನೊಬ್ಬ ಹುಡುಗ, "ಬೇಧಿ ಆಗೋಗಿರೋ ಮರಿಗೆ ಏನ್ ಮಾಡನ, ಅವಾಗ್ಲೂ ಆಂಟಿಬಯೋಟಿಕ್ ಕೊಡ್ಬಾರ್ದಾ?" ಅಂದ. ಕೊಡ್ಬೇಕಪ್ಪ. ಕಾಯಿಲೆ ಬಿದ್ದ ಮರಿಗೆ ಡಾಕ್ಟ್ರು ನೋಡಿ ಬರೆದದ್ದನ್ನ, ಹೇಳಿದಷ್ಟು ದಿನ ಪೂರ್ತಿ ಕೊಡ್ಬೇಕು, ಅದನ್ನ ತಪ್ಪಿಸಿದ್ರೆ ಪ್ರಾಣಿಗೆ ಅನ್ಯಾಯ. ನಾನು ಬೇಡ ಅಂತಿರೋದು ಚೆನ್ನಾಗಿರೋ ಮರಿಗಳಿಗೆಲ್ಲಾ ದಿನಾ ಫೀಡಲ್ಲಿ ಬೆರೆಸೋದನ್ನ. ಡಾಕ್ಟ್ರು ಬರೋದ್ರೊಳಗೆ ಮೆಡಿಕಲ್ಲಲ್ಲಿ ಸಿಗೋ ಓಆರ್‌ಎಸ್ ಪ್ಯಾಕೆಟ್ ಒಂದು ಲೀಟರ್ ನೀರಿಗೆ ಕಲಸಿ ಇಡು, ಪ್ರತ್ಯೇಕ ಮಾಡು, ಬೆಚ್ಚಗಿಡು, ಆ ದಿನ ಫೀಡ್ ಕಮ್ಮಿ ಮಾಡು, ನೀರು ಮಾತ್ರ ಒಂದು ಗಳಿಗೇನೂ ತಪ್ಪಿಸ್ಬೇಡ. ಮತ್ತೆ ಔಷಧಿ ಕೊಟ್ಟ ಹಂದೀನ ಮಾರೋಕೆ ಎಷ್ಟು ದಿನ ಕಾಯ್ಬೇಕು ಅಂತ ಡಾಕ್ಟ್ರನ್ನೇ ಕೇಳಿ ಬರೆದಿಟ್ಕೋ.

"ಹಂಗಾದ್ರೆ ನಾಳೆಯಿಂದ್ಲೇ ಪುಡಿ ನಿಲ್ಲುಸ್ಬುಡ್ಲಾ?" ಅಂತ ವಯಸ್ಸಾದ ಒಬ್ರು ಕೇಳಿದ್ರು. ನಾಳೆ ಬೇಡ ಅಣ್ಣ. ಮೊದಲು ಕ್ಯಾಲ್ಸೈಟ್ ಇಳಿಸಿ, ಪ್ರೋಟೀನ್ ಸರಿ ಮಾಡಿ, ಬಿಡಿಸೋ ವಯಸ್ಸು ಮುಂದೆ ಹಾಕಿ. ಆಮೇಲೆ ಒಂದು ಸೂಲಿನ ಮರಿಗಳನ್ನೆಲ್ಲಾ ಒಂದೇ ಕಡೆ ಹಾಕದೆ, ಪ್ರತಿ ತಾಯಿ ಮರಿಗಳಲ್ಲಿ ಅರ್ಧ ಈ ಗೂಡಿಗೆ, ಅರ್ಧ ಆ ಗೂಡಿಗೆ ಹಂಚಿ, ಸಣ್ಣದೂ ದಪ್ಪದೂ ಎರಡೂ ಕಡೆ ಸಮ ಇರ್ಲಿ, ಇಲ್ಲಾಂದ್ರೆ ತಾಯಿ ಗುಣವೋ ಫೀಡ್ ಗುಣವೋ ಗೊತ್ತಾಗಲ್ಲ. ಒಂದು ಗೂಡಿಗೆ ಹಳೇ ಪುಡಿ, ಇನ್ನೊಂದಕ್ಕೆ ಆಸಿಡ್. ಎರಡು ಗೂಡಿನ ಬಾನಿ, ನೀರು, ಪೊರಕೆ ಬೇರೆ ಬೇರೆ ಇಡಿ. ಬಿಡಿಸಿದ ದಿನ ಒಂದು ತೂಕ, ಹದಿನಾಲ್ಕನೇ ದಿನ ಒಂದು ತೂಕ, ನಡುವೆ ದಿನಾ ಬೆಳಿಗ್ಗೆ ಹಿಂಭಾಗ ಒದ್ದೆಯಾಗಿರೋ ಮರಿ ಎಷ್ಟು, ಫೀಡ್ ಎಷ್ಟು ಕೆಜಿ ಹೋಯ್ತು ಅಂತ ಗೋಡೆ ಕ್ಯಾಲೆಂಡರಲ್ಲೇ ಬರೀರಿ. ಒಂದು ಸಲ ಸಾಲದು, ಚಳಿಗಾಲದಲ್ಲೊಂದು ಸಲ, ಮಳೆಗಾಲದಲ್ಲೊಂದು ಸಲ ಮಾಡಿ. ಆ ಕ್ಯಾಲೆಂಡರ್ ಹಾಳೆಗಳನ್ನ ತಗೊಂಡು ಬನ್ನಿ, ಕೂತು ನೋಡೋಣ.